ಇಪ್ಪತ್ತಾರು ದಿನಗಳನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ

ಮಾನ್ಯರೇ,

ರಷ್ಯನ್ ಕಾದಂಬರಿಕಾರ ದಾಸ್ತೋವ್‌ಸ್ಕಿಯ ಬದುಕು ಮತ್ತು ಬರಹವನ್ನು ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಶ್ರಮಪಟ್ಟು ಬರೆದಿದ್ದೀರಿ ಎಂಬುದು ಕಾಣುವುದರಿಂದ ಕಾರಣಗಳನ್ನು ಬಿಚ್ಚಿ ಹೇಳುತ್ತಿದ್ದೇನೆ.

ಮಾಸ್ಕೋದ ಬಡವರ ಆಸ್ಪತ್ರೆಯ ವೈದ್ಯನ ಮಗನಾಗಿ 1821ರಲ್ಲಿ ಹುಟ್ಟಿದ್ದರಿಂದ ಹಿಡಿದು 1881ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ತೀರಿಕೊಂಡದ್ದರವರೆಗೆ ಏನನ್ನೂ ಬಿಡದೆ, ಎಲ್ಲಕ್ಕೂ ಒಂದೇ ತೂಕ ಕೊಟ್ಟು ಹೇಳಿದ್ದೀರಿ. ‘ಅಪ್ರತಿಮ’, ‘ಮಹಾನ್’ ಎಂಬ ಮಾತುಗಳು ಪುಟಪುಟಕ್ಕೂ ಬರುತ್ತವೆ. ಆತ ಕೂತು ಬರೆಯುವುದು ಮಾತ್ರ ಎಲ್ಲಿಯೂ ಕಾಣುವುದಿಲ್ಲ.

ಒಂದು ತಪ್ಪನ್ನೂ ತಿದ್ದಬೇಕು. 1849ರ ಡಿಸೆಂಬರ್ 22ರಂದು ಪೀಟರ್ಸ್‌ಬರ್ಗ್‌ನ ಸೆಮ್ಯೋನೊವ್‌ಸ್ಕಿ ಮೈದಾನದಲ್ಲಿ ನಡೆದ, ಗುಂಡು ಹಾರಿಸುವ ಮುನ್ನ ನಿಲ್ಲಿಸಿದ ಹುಸಿ ಮರಣದಂಡನೆಯಲ್ಲಿ ನೀವು ಅವನನ್ನೇ ಕಂಬಕ್ಕೆ ಕಟ್ಟಿಸಿದ್ದೀರಿ. ಕಟ್ಟಿದ್ದು, ಅವನೊಡನೆ ಬಂಧಿತವಾಗಿದ್ದ ರಾಜಕೀಯ ಚರ್ಚಾಗುಂಪಿನ ಮುಖಂಡ ಪೆತ್ರಾಶೆವ್‌ಸ್ಕಿಯೂ ಸೇರಿದಂತೆ ಮೊದಲ ಮೂವರನ್ನು. ತಾನು ಸಾಲಿನಲ್ಲಿ ಆರನೆಯವನಾಗಿದ್ದೆನೆಂದು ದಾಸ್ತೋವ್‌ಸ್ಕಿಯೇ ಅದೇ ದಿನ ಅಣ್ಣ ಮಿಖಾಯಿಲ್‌ಗೆ ಪತ್ರ ಬರೆದಿದ್ದಾನೆ. ಮುಂದಿನ ಸರದಿ ತನ್ನದೆಂದು ತಿಳಿದು ನೋಡುತ್ತ ನಿಂತವನ ಆ ನಿಮಿಷಗಳು ನಿಮ್ಮ ಕಲ್ಪನೆಯ ದೃಶ್ಯಕ್ಕಿಂತ ಭೀಕರವಲ್ಲವೇ?

ನಿಮ್ಮ ನಿಜವಾದ ಲೇಖನವಿರುವುದು ಏಳನೆಯ ಪುಟದ ಒಂದು ಸಾಲಿನಲ್ಲಿ: ‘ಪ್ರಕಾಶಕನ ಒತ್ತಡದಿಂದ ಜೂಜುಗಾರ ಕಾದಂಬರಿಯನ್ನು ಬೇಗನೆ ಬರೆದನು.’ 1864ರಲ್ಲಿ ಅಣ್ಣ ತೀರಿಕೊಂಡ ಮೇಲೆ ಸಾಲದಲ್ಲಿ ಮುಳುಗಿದ್ದ ಆತ, ಮರುವರ್ಷ ಸ್ಟೆಲ್ಲೊವ್‌ಸ್ಕಿ ಎಂಬ ಪ್ರಕಾಶಕನಿಂದ 3,000 ರೂಬಲ್ ಪಡೆದು, 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಮುಂದಿನ 9 ವರ್ಷ ತನ್ನ ಬರಹವನ್ನೆಲ್ಲ ಆ ಪ್ರಕಾಶಕ ಪುಕ್ಕಟೆ ಅಚ್ಚು ಹಾಕಬಹುದೆಂಬ ಒಪ್ಪಂದಕ್ಕೆ ಸಹಿ ಹಾಕಿದ್ದ. ಇತ್ತ ಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತಿದ್ದ ‘ಅಪರಾಧ ಮತ್ತು ಶಿಕ್ಷೆ’ಯೂ ಮುಗಿದಿರಲಿಲ್ಲ. ಅಕ್ಟೋಬರ್ 4ರಂದು ಇಪ್ಪತ್ತರ ಹರೆಯದ ಶೀಘ್ರಲಿಪಿಗಾರ್ತಿ ಅನ್ನಾ ಸ್ನಿತ್ಕಿನಾ ಕೆಲಸಕ್ಕೆ ಬಂದಾಗ ಹೊಸ ಕಾದಂಬರಿಯ ಒಂದು ಅಧ್ಯಾಯವೂ ಸಿದ್ಧವಿರಲಿಲ್ಲ. ಹಗಲು ಆತ ಹೇಳಿ ಬರೆಸಿದ, ಆಕೆ ಮನೆಗೆ ಹೋಗಿ ಶುದ್ಧಪ್ರತಿ ಮಾಡಿದಳು. 26 ದಿನಗಳಲ್ಲಿ ಕೆಲಸ ಮುಗಿಯಿತು. ಒಪ್ಪಿಸಲು ಹೋದರೆ ಪ್ರಕಾಶಕ ಊರಲ್ಲೇ ಇಲ್ಲ! ಹಸ್ತಪ್ರತಿಯನ್ನು ಪೊಲೀಸ್ ಠಾಣೆಗೆ ಕೊಟ್ಟು ರಸೀದಿ ಪಡೆಯಬೇಕಾಯಿತು. (ಗಡುವು ತಪ್ಪಿಸುವ ಲೇಖಕರನ್ನು ಬಲ್ಲೆ, ಗಡುವಿನ ದಿನ ಮಾಯವಾಗುವ ಪ್ರಕಾಶಕ ನನಗೂ ಹೊಸಬ.)

ಒಪ್ಪಂದದಿಂದಲೇ ಆರಂಭಿಸಿ, ಮೊದಲ ಮೂರು ಪುಟ ಬೇಡ. ಮುಂದಿನ ಫೆಬ್ರವರಿಯಲ್ಲಿ ಅವರಿಬ್ಬರೂ ಮದುವೆಯಾದರೆಂದು ಇದನ್ನು ಪ್ರೇಮಕಥೆಯಾಗಿಸುವ ಆಸೆ ಬಂದೀತು, ತಡೆದುಕೊಳ್ಳಿ. 1865ರಲ್ಲಿ ಜರ್ಮನಿಯ ವೀಸ್‌ಬಾಡೆನ್‌ನ ರೂಲೆಟ್ ಜೂಜಿನ ಮೇಜಿನಲ್ಲಿ ಕೈ ಬರಿದು ಮಾಡಿಕೊಂಡವನು, ತನ್ನ ಬರಹವನ್ನೇ ಪಣಕ್ಕಿಟ್ಟು, ಜೂಜುಕೋರನೊಬ್ಬನ ಬಾಯಿಂದ ಕಥೆ ಹೇಳಿಸುತ್ತಿದ್ದಾನೆ; ಅದನ್ನು ಲೇಖನಿಯಿಂದಲ್ಲದೆ ಬಾಯಿಂದಲೇ ಬರೆಸಿದ್ದು ಆ ನಿರೂಪಣೆಯ ಧಾವಂತದಲ್ಲಿ ಎಷ್ಟು ಉಳಿದಿದೆ ಎಂದು ಕಾದಂಬರಿಯನ್ನು ಮತ್ತೊಮ್ಮೆ ಓದಿ ನೋಡಿ. ಅನ್ನಾ ಬರೆದ ನೆನಪುಗಳನ್ನೂ ಓದಿ.

ಎಂಟು ಪುಟ ಮೀರದಂತೆ ತಿದ್ದಿ ಕಳಿಸಿದರೆ ಮತ್ತೆ ಓದುತ್ತೇನೆ.

ಇತಿ,
ಸಂಪಾದಕ