ಹೆರಿಗೆ ಬಿಡಬೇಕೋ, ಮುಂದುವರಿಸಬೇಕೋ?
ತಾಲ್ಲೂಕಿನಲ್ಲಿ ಕ್ಲಿನಿಕ್ ಹಾಕಿದ ಎಂಬಿಬಿಎಸ್ ವೈದ್ಯರು ಹೆರಿಗೆ ಮಾಡಿಸುವುದನ್ನು ಏಕೆ ಬಿಡುತ್ತಾರೆ, ನಾನು ಮುಂದುವರಿಸಲೇ ಎಂದು ಕೇಳಿದ್ದೀರಿ. ಡಾಕ್ಟ್ರೇ, ದುಡ್ಡಿಗಿಂತ ದೊಡ್ಡ ಕಾರಣ ಒಂಟಿತನ. ಜೊತೆಗೊಬ್ಬರು ಇಲ್ಲದಿದ್ದರೆ ರಾತ್ರಿಯ ನಿದ್ದೆಯೂ ಹೋಗುತ್ತದೆ, ಬೆಳಗಿನ ಓಪಿಡಿಯೂ ಕೆಡುತ್ತದೆ. ಅರಿವಳಿಕೆ ತಜ್ಞರು, ರಕ್ತ ಎರಡೂ ದೂರವಿದ್ದಾಗ ಮಾಸು ಬೀಳದೆ ರಕ್ತ ಹರಿಯತೊಡಗಿದರೆ ಎಂಥವರಿಗೂ ಕೈಕಾಲು ಆಡುವುದಿಲ್ಲ. ಮೇಲೆ ಕೇಸಿನ ಭಯ ಬೇರೆ. ಹೆರಿಗೆಗಳ ಸಂಖ್ಯೆ ಇಳಿದಂತೆ ಕೈಯ ಪಳಗಿಕೆಯೂ ತಪ್ಪುತ್ತದೆ. ಬಿಡಲು ಇದು ನ್ಯಾಯವಾದ ಕಾರಣವೇ ಸರಿ.

ಉಳಿದುಕೊಳ್ಳುವವರು ಸಾಮಾನ್ಯವಾಗಿ ಇಬ್ಬರು ಮೂವರು ಸೇರಿ ಪಾಳಿ ಹಂಚಿಕೊಂಡವರು, ಹತ್ತಿರದ ಪ್ರಸೂತಿ ತಜ್ಞರ ಜೊತೆ ಮೊದಲೇ ಮಾತಾಡಿಟ್ಟುಕೊಂಡವರು. ಇವೆರಡೂ ಇದ್ದರೆ ಮುಂದುವರಿಸಿ.

ಹಿಂದೆ ಸಿಸೇರಿಯನ್ ಆದವರನ್ನು, ಅವಳಿ ಇರುವವರನ್ನು, ಬಿಪಿ 140/90 ಮುಟ್ಟಿದವರನ್ನು ನೋವು ಶುರುವಾಗುವ ಮೊದಲೇ ದೊಡ್ಡ ಆಸ್ಪತ್ರೆಗೆ ಕಳಿಸಿ. ಹೆರಿಗೆ ಹೇಗೆ ಸಾಗುತ್ತಿದೆ ಎಂದು ಗುರುತು ಹಾಕುವ ಪಾರ್ಟೋಗ್ರಾಫ್ ನಕ್ಷೆಯ ಎಚ್ಚರಿಕೆ ರೇಖೆ ದಾಟಿದರೆ ಕಾಯಬೇಡಿ, ಆಗಲೇ 108ಕ್ಕೆ ಫೋನ್ ಮಾಡಿ. ಮಗು ಹುಟ್ಟಿದ 1 ನಿಮಿಷದೊಳಗೆ, ಒಳಗೆ ಇನ್ನೊಂದು ಮಗು ಇಲ್ಲವೆಂದು ನೋಡಿಕೊಂಡು, ಗರ್ಭಕೋಶವನ್ನು ಗಟ್ಟಿಯಾಗಿಸುವ ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ ಕೊಡಿ. ಅದನ್ನು 2–8 ಡಿಗ್ರಿಯಲ್ಲೇ ಇಡಬೇಕು. ಕರೆಂಟ್ ಹೋಗುವ ಊರಾದರೆ ಫ್ರಿಜ್ಜಿನ ಥರ್ಮಾಮೀಟರನ್ನು ದಿನಕ್ಕೆರಡು ಸಲ ನೋಡಿ ಬರೆದಿಡಿ. ಬಿಸಿಗೆ ಸತ್ವ ಕಳೆದ ಔಷಧಿ ನೋಡಲು ಹೊಸದರಂತೆಯೇ ಇರುತ್ತದೆ, ಗರ್ಭಕೋಶ ಮಾತ್ರ ಗಟ್ಟಿಯಾಗುವುದಿಲ್ಲ.