ಸಂಪಾದಕರ ಉತ್ತರ: ಮೀನಿಗೂ ಬೀಜದ ಹೊಲ ಬೇಕು

"ಕಳೆದ ಸಂಚಿಕೆಯಲ್ಲಿ ಕಡಲ ಸಂರಕ್ಷಿತ ಪ್ರದೇಶಗಳ ಜಾಲದ ಬಗ್ಗೆ ಆರು ಪುಟ ಕೊಟ್ಟಿದ್ದೀರಿ. ಬಯಲುಸೀಮೆಯ ನಮಗೆ ಸಮುದ್ರದ ಗೊಡವೆ ಏಕೆ? ಸಮುದ್ರ ಉಳಿಯಬೇಕೆಂದಿದ್ದರೆ ಒಂದು ದೊಡ್ಡ ಪ್ರದೇಶ ಗುರುತಿಸಿ ಮೀನುಗಾರಿಕೆ ನಿಲ್ಲಿಸಿದರೆ ಆಯಿತು. ಅಲ್ಲೊಂದು ಇಲ್ಲೊಂದು ಚೂರು ಮಾಡಿ ಅದಕ್ಕೆ ಜಾಲವೆಂದು ಹೆಸರಿಟ್ಟರೆ ಕಾಯುವವರು ಯಾರು? ಹಾವೇರಿಯ ರೈತರಿಗೆ ದಕ್ಕಬೇಕಾದ ನೀರು ವರ್ಷವೂ ಸಮುದ್ರ ಸೇರಿ ವ್ಯರ್ಥವಾಗುತ್ತಿದೆ, ಅದನ್ನು ಬರೆಯಿರಿ. ಇನ್ನೊಂದು ಮಾತು: ಲೇಖನದ ನಕ್ಷೆಯನ್ನು ನನ್ನ ಮೊಮ್ಮಗಳು ಕತ್ತರಿಸಿಕೊಂಡಿದ್ದಾಳೆ. ಅದರ ಹಿಂಬದಿಯಲ್ಲಿದ್ದ ಕಥೆಯ ಕೊನೆ ನನಗೆ ಓದಲು ಸಿಗಲಿಲ್ಲ."
— ನಿವೃತ್ತ ಶಿಕ್ಷಕರೊಬ್ಬರು, ರಾಣೆಬೆನ್ನೂರು

ಗುರುಗಳೇ,

ನಿಮ್ಮ ಅಕ್ಷರ ನೋಡಿದರೆ ಇಂದಿಗೂ ಕಾಪಿ ಪುಸ್ತಕ ತಿದ್ದುವವರ ಅಕ್ಷರ. ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸ್ವಲ್ಪ ಸಿಟ್ಟು ಬಂದಿತು, ಎರಡನೆಯ ಸಲ ನೀವು ಕೇಳಿದ್ದು ಈ ವಿಷಯದ ನಟ್ಟನಡುವಿನ ಪ್ರಶ್ನೆ ಎಂದು ತಿಳಿಯಿತು. ಆದ್ದರಿಂದ ಉತ್ತರ ಉದ್ದವಾಗುತ್ತದೆ.

ದೊಡ್ಡದು ಬೇಕು ಎಂಬ ನಿಮ್ಮ ಮಾತಿನಲ್ಲಿ ಹುರುಳಿದೆ. 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಜಗತ್ತಿನ 87 ಕಡಲ ಸಂರಕ್ಷಿತ ಪ್ರದೇಶಗಳನ್ನು ಪರೀಕ್ಷಿಸಿತು. ಮೀನು ಹಿಡಿಯುವುದು ಪೂರ್ತಿ ನಿಂತಿರುವುದು, ಕಾವಲು ಬಿಗಿಯಾಗಿರುವುದು, ಹತ್ತು ವರ್ಷ ದಾಟಿರುವುದು, ವಿಸ್ತಾರ 100 ಚದರ ಕಿಲೋಮೀಟರಿಗೂ ಹೆಚ್ಚಿರುವುದು, ಸುತ್ತ ಆಳದ ನೀರೋ ಮರಳೋ ಇದ್ದು ಬೇರ್ಪಟ್ಟಿರುವುದು, ಹೀಗೆ ಐದು ಗುಣಗಳನ್ನು ಅದು ಪಟ್ಟಿ ಮಾಡಿತು. ಇವುಗಳಲ್ಲಿ ಒಂದೋ ಎರಡೋ ಗುಣ ಮಾತ್ರ ಇದ್ದ ಪ್ರದೇಶಗಳು ಶೇ 59ರಷ್ಟಿದ್ದವು. ಅವುಗಳಿಗೂ ಬಲೆ ಬೀಸುವ ಸಾಮಾನ್ಯ ಕಡಲಿಗೂ ವ್ಯತ್ಯಾಸವೇ ಕಾಣಲಿಲ್ಲ. ಗಾತ್ರ ಮುಖ್ಯ, ಕಾವಲು ಮುಖ್ಯ. ಒಪ್ಪಿದೆ.

ಆದರೆ ನೀವು ರಾಣೆಬೆನ್ನೂರಿನವರು. ಟೊಮೆಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ತಯಾರಿಸುವ ಪ್ಲಾಟುಗಳ ನಡುವೆ ಬದುಕಿದವರು. ಬೀಜದ ಪ್ಲಾಟು ಮಾಡುವ ರೈತ ಎಷ್ಟು ಎಕರೆ ಎಂದು ಲೆಕ್ಕ ಹಾಕುವುದಕ್ಕೆ ಮೊದಲು ಪಕ್ಕದ ಹೊಲದಲ್ಲಿ ಏನಿದೆ, ಅದು ಎಷ್ಟು ದೂರದಲ್ಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡುತ್ತಾನೆ. ಬೇಡದ ಪರಾಗ ಬಂದು ಬೀಳದಿರಲಿ ಎಂದು ಅಂತರ ಬಿಡುತ್ತಾನೆ. ಕಡಲ ಸಂರಕ್ಷಣೆಯ ಜಾಲ ಹೆಣೆಯುವವರೂ ಇದೇ ಅಂತರದ ಲೆಕ್ಕ ಮಾಡುತ್ತಾರೆ, ಆದರೆ ತಿರುಗಾಮುರುಗ. ಒಂದು ಕಡೆ ಹುಟ್ಟಿದ್ದು ಇನ್ನೊಂದು ಕಡೆ ತಲುಪಲಿ ಎಂಬುದು ಅವರ ಆಸೆ.

ತಲುಪುವುದು ಮರಿ. ಹವಳದ ದಿಬ್ಬದಲ್ಲಿ ದೊಡ್ಡದಾದ ಎಷ್ಟೋ ಮೀನುಗಳು ತಮ್ಮ ದಿಬ್ಬ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಕಣ್ಣಿಗೆ ಬೀಳುವುದೇ ಕಷ್ಟವೆನ್ನುವಷ್ಟು ಸಣ್ಣದಾದ ಅವುಗಳ ಮರಿಗಳು ಮಾತ್ರ ನೀರಿನ ಸೆಳೆತದಲ್ಲಿ ದಿನಗಟ್ಟಲೆ, ಕೆಲವು ಜಾತಿಗಳಲ್ಲಿ ವಾರಗಟ್ಟಲೆ ತೇಲುತ್ತವೆ. ಆದ್ದರಿಂದ ಪ್ರತಿಯೊಂದು ತುಣುಕಿನ ಗಾತ್ರವನ್ನು ದೊಡ್ಡ ಮೀನಿನ ಓಡಾಟದಿಂದ ನಿರ್ಧರಿಸಬೇಕು, ತುಣುಕು ತುಣುಕಿನ ನಡುವಿನ ಅಂತರವನ್ನು ಮರಿಯ ಪಯಣದಿಂದ ನಿರ್ಧರಿಸಬೇಕು. ಈ ಎರಡು ಅಳತೆಗಳನ್ನು ಬೇರೆ ಬೇರೆ ಹಿಡಿದದ್ದೇ ಈ ವಿಜ್ಞಾನದ ದೊಡ್ಡ ಗಳಿಕೆ ಎಂದು ನಾನು ತಿಳಿದಿದ್ದೇನೆ.

ಆ ಮರಿಯ ಜಾಡು ಹಿಡಿದ ಬಗೆಯನ್ನು ಹೇಳದೆ ಮುಂದೆ ಹೋಗಲಾರೆ. ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಲ್ಲಿ ಸಂಶೋಧಕರು ತಾಯಿ ಮೀನುಗಳಿಗೆ ಬೇರಿಯಂ ಎಂಬ ಲೋಹದ ಅಪರೂಪದ ಬಗೆಯೊಂದನ್ನು ಚುಚ್ಚಿ ಬಿಟ್ಟರು. ಅದು ಮೊಟ್ಟೆಗೆ ಇಳಿದು, ಮರಿಯ ಕಿವಿಯೊಳಗಿನ ಸಣ್ಣ ಹರಳಿನಲ್ಲಿ ಗುರುತಾಗಿ ನಿಂತಿತು. ಮರಿ ಹನ್ನೊಂದು ದಿನ ತೇಲುವ ಜಾತಿಯಲ್ಲೂ ಒಂದು ತಿಂಗಳಿಗೂ ಮೇಲೆ ತೇಲುವ ಜಾತಿಯಲ್ಲೂ, ಪುಟ್ಟದೊಂದು ದ್ವೀಪದ ದಿಬ್ಬಕ್ಕೆ ಬಂದು ನೆಲೆಸಿದ ಮರಿಗಳಲ್ಲಿ ಸುಮಾರು ಶೇ 60 ಅದೇ ದಿಬ್ಬದಲ್ಲಿ ಹುಟ್ಟಿದವು ಎಂದು 2007ರಲ್ಲಿ ಪ್ರಕಟವಾಯಿತು. ಅಷ್ಟು ದಿನ ಅಲೆದು ತವರಿಗೇ ಬಂದವು! ಉಳಿದ ಶೇ 40 ಬೇರೆ ಕಡೆಯಿಂದ ಬಂದವು. ಒಂದು ದಿಬ್ಬ ತನ್ನನ್ನು ತಾನು ಸಾಕಿಕೊಳ್ಳುತ್ತದೆ, ಜೊತೆಗೆ ನೆರೆಯವರ ಮಕ್ಕಳನ್ನೂ ಬರಮಾಡಿಕೊಳ್ಳುತ್ತದೆ.

ಐದು ವರ್ಷಗಳ ಬಳಿಕ ಆಸ್ಟ್ರೇಲಿಯಾದ ಕೆಪೆಲ್ ದ್ವೀಪಗಳಿಂದ ಇನ್ನೂ ಗಟ್ಟಿ ಪುರಾವೆ ಬಂದಿತು. ರಕ್ಷಿತ ದಿಬ್ಬಗಳ ದೊಡ್ಡ ಮೀನುಗಳ ಡಿಎನ್‌ಎಯನ್ನು ಸುತ್ತಲಿನ ಮರಿಗಳ ಡಿಎನ್‌ಎಯೊಂದಿಗೆ ಹೋಲಿಸಿ, ಯಾವ ಮರಿ ಯಾರ ಮನೆಯದು ಎಂದು ಪತ್ತೆ ಹಚ್ಚಿದರು. ಅಲ್ಲಿ ಮೀನು ಹಿಡಿಯದೆ ಬಿಟ್ಟದ್ದು ದಿಬ್ಬಗಳ ಶೇ 28ರಷ್ಟು ಭಾಗ. 30 ಕಿಲೋಮೀಟರ್ ವ್ಯಾಪ್ತಿಯ ಮರಿಗಳಲ್ಲಿ ಸುಮಾರು ಅರ್ಧ ಅಲ್ಲಿಂದ ಬಂದವು. ಮೀನುಗಾರರಿಗೆ ತೆರೆದಿಟ್ಟ ದಿಬ್ಬಗಳಲ್ಲೂ ಅವು ನೆಲೆಸಿದ್ದವು. ಬಿಟ್ಟುಕೊಟ್ಟವನ ಬಲೆಗೇ ಬಿಟ್ಟ ಮೀನಿನ ಮಕ್ಕಳು ಬರುತ್ತವೆ ಎಂಬ ಮಾತು ಅಲ್ಲಿಯವರೆಗೆ ನಂಬಿಕೆಯಾಗಿತ್ತು, ಅಲ್ಲಿಂದ ಮುಂದೆ ಲೆಕ್ಕವಾಯಿತು.

ಒಂದೇ ದೊಡ್ಡ ಪ್ರದೇಶ ಸಾಲದು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಚಂಡಮಾರುತ ಬಂದರೆ, ನೀರು ಕಾದು ಹವಳ ಬಿಳಿಚಿದರೆ, ಇದ್ದದ್ದೆಲ್ಲ ಒಂದೇ ಏಟಿಗೆ ಹೋಗುತ್ತದೆ. ಬೀಜವನ್ನೆಲ್ಲ ಒಂದೇ ಹಗೇವಿನಲ್ಲಿ ತುಂಬಿಡುವ ರೈತನನ್ನು ನೀವು ಕಂಡಿದ್ದೀರಾ? ಆಸ್ಟ್ರೇಲಿಯಾದ ಹವಳದ ದಿಬ್ಬಗಳ ಸಾಲಾದ ಗ್ರೇಟ್ ಬ್ಯಾರಿಯರ್ ರೀಫಿನ ವಲಯಗಳನ್ನು 2004ರಲ್ಲಿ ಹೊಸದಾಗಿ ಗುರುತಿಸಿದಾಗ ಆ ಸಮುದ್ರವನ್ನು ಮೊದಲು 70 ಜೀವವಲಯಗಳಾಗಿ ವಿಂಗಡಿಸಿದ್ದರು. ಪ್ರತಿಯೊಂದು ಬಗೆಯಲ್ಲೂ ಕನಿಷ್ಠ ಶೇ 20 ಭಾಗಕ್ಕೆ ರಕ್ಷಣೆ ಸಿಗಬೇಕು ಎಂದು ನಿಯಮ ಮಾಡಿದರು. ಹವಳಕ್ಕೆ ಮಾತ್ರವಲ್ಲ, ಕಡಲಹುಲ್ಲಿಗೂ ಕೆಸರಿನ ತಳಕ್ಕೂ ಪಾಲು ಸಿಕ್ಕಿತು. ಅದುವರೆಗೆ ಶೇ 5ಕ್ಕೂ ಕಡಿಮೆಯಿದ್ದ ಪೂರ್ಣ ರಕ್ಷಣೆ ಶೇ 33ಕ್ಕೆ ಏರಿತು.

ಈಗ "ಕಾಯುವವರು ಯಾರು" ಎಂಬ ನಿಮ್ಮ ಪ್ರಶ್ನೆ. ನನಗೆ ಇಡೀ ವಿಷಯದ ಜೀವಾಳವೇ ಇದು.

ಫಿಲಿಪೀನ್ಸಿನ ಸುಮಿಲೋನ್ ಎಂಬ ಪುಟ್ಟ ದ್ವೀಪದಲ್ಲಿ 1974ರಲ್ಲಿ ದಿಬ್ಬದ ಒಂದು ಭಾಗಕ್ಕೆ ರಕ್ಷಣೆ ಕೊಟ್ಟರು. ಏಂಜೆಲ್ ಅಲ್ಕಾಲ ಎಂಬ ಜೀವವಿಜ್ಞಾನಿ ಅದರ ಹಿಂದಿದ್ದರು. ಹತ್ತು ವರ್ಷಗಳ ನಂತರ ಆ ರಕ್ಷಣೆ ಮುರಿದುಬಿದ್ದು, ಎಲ್ಲರೂ ಒಳಗೆ ನುಗ್ಗಿ ಹಿಡಿಯತೊಡಗಿದರು. ಹಿಡಿಯಲು ಜಾಗ ಹೆಚ್ಚಾಯಿತು, ಮೀನು ಹೆಚ್ಚು ಸಿಗಬೇಕಿತ್ತು. ಆದರೆ ದ್ವೀಪದ ಒಟ್ಟು ಇಳುವರಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಹತ್ತಿರದ ಅಪೋ ದ್ವೀಪದಲ್ಲಿ ಊರಿನ ಮೀನುಗಾರರೇ 1982ರಲ್ಲಿ ಒಂದು ಚಿಕ್ಕ ಭಾಗವನ್ನು ಬಿಟ್ಟುಕೊಟ್ಟು ತಾವೇ ಕಾಯಲು ನಿಂತರು. ಅದು ಉಳಿಯಿತು. ಅದನ್ನು ನೋಡಿ ಊರೂರು ಮಾಡಿಕೊಂಡ ಇಂಥ ರಕ್ಷಿತ ತಾಣಗಳು ಆ ದೇಶದಲ್ಲಿ ಇಂದು ಸಾವಿರ ಮೀರಿವೆ. ಚೂರುಗಳನ್ನು ಕಾಯುವವರು ಅವರೇ, ಗುರುಗಳೇ. ಚೂರು ಮನೆಯ ಅಂಗಳದಿಂದ ಕಾಣುತ್ತದೆ, ಆದ್ದರಿಂದ ಕಾಯಲು ಸಾಧ್ಯ.

ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಕಡಲ ರಕ್ಷಣೆಯ ಕಾನೂನು ಬಂದ ಮೇಲೆ ತಜ್ಞರು ಮೀನುಗಾರರನ್ನು ಕೇಳದೆ ನಕ್ಷೆ ಬರೆದು ತಂದರು. ಕರಾವಳಿಯೇ ತಿರುಗಿಬಿದ್ದು ಆ ನಕ್ಷೆ ಮೂಲೆ ಸೇರಿತು. ಮುಂದೆ ಮೀನುಗಾರರೂ ವಿಜ್ಞಾನಿಗಳೂ ಒಂದೇ ಮೇಜಿನ ಸುತ್ತ ಕುಳಿತ ಮೇಲೆ ಕೆಲಸ ನಡೆಯಿತು. ವಿಜ್ಞಾನಿಗಳು ಅಳತೆ ಮಾತ್ರ ಕೊಟ್ಟರು: ಪ್ರತಿಯೊಂದು ಪ್ರದೇಶ ತೀರದುದ್ದಕ್ಕೆ ಕನಿಷ್ಠ 5ರಿಂದ 10 ಕಿಲೋಮೀಟರ್, ಒಂದರಿಂದ ಇನ್ನೊಂದಕ್ಕೆ 50ರಿಂದ 100 ಕಿಲೋಮೀಟರ್. ಆ ಅಳತೆಯೊಳಗೆ ಯಾವ ಬಂಡೆ, ಯಾವ ಕೊಲ್ಲಿ ಎಂದು ವಾದಿಸಿದವರು ದಡದ ಜನ. 2012ರಲ್ಲಿ 124 ಪ್ರದೇಶಗಳ ಜಾಲ ಪೂರ್ಣವಾಯಿತು.

ನಮ್ಮಲ್ಲಿ ಏನಾಗುತ್ತದೆ? ಹಲವು ವರ್ಷಗಳ ಹಿಂದೆ ಒಂದು ಸಭೆಗೆ ಹೋಗಿದ್ದೆ. ಗೋಡೆಯ ಮೇಲೆ ನಕ್ಷೆ ಇತ್ತು, ಗೆರೆ ಆಗಲೇ ಬಿದ್ದಿತ್ತು. ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ಮೀನುಗಾರರೊಬ್ಬರು ಎದ್ದು, "ಅಲ್ಲಿ ಮೀನೂ ಇಲ್ಲ, ದೋಣಿಯೂ ಹೋಗುವುದಿಲ್ಲ. ಮೊಟ್ಟೆ ಇಡುವ ಬಂಡೆ ಇತ್ತ ಇದೆ" ಎಂದರು. ಯಾರೂ ಬರೆದುಕೊಳ್ಳಲಿಲ್ಲ. ಯಾರ ತಕರಾರೂ ಬಾರದ, ಯಾರಿಗೂ ಬೇಡವಾದ ಜಾಗವನ್ನು ರಕ್ಷಿಸಿ ಶೇಕಡಾವಾರು ಲೆಕ್ಕ ತುಂಬಿಸುವುದು ಜಗತ್ತಿನಾದ್ಯಂತ ಇರುವ ರೋಗ. 2022ರ ಜಾಗತಿಕ ಒಪ್ಪಂದದಲ್ಲಿ 2030ರೊಳಗೆ ನೆಲ, ಕಡಲು ಎರಡರಲ್ಲೂ ಶೇ 30 ರಕ್ಷಿಸಬೇಕು ಎಂದಿದೆ. ಆ ಮೂವತ್ತು ಎಲ್ಲಿಂದ ಬರುತ್ತದೆ ಎಂಬುದೇ ನನ್ನ ಚಿಂತೆ. ನಿಮ್ಮ ಊರಿನ ಕೃಷ್ಣಮೃಗ ಅಭಯಾರಣ್ಯ 1974ರದು, 119 ಚದರ ಕಿಲೋಮೀಟರ್ ಇದೆ. ಗಡಿಯೂ ಇದೆ, ಕಾವಲೂ ಇದೆ. ಆದರೆ ಹುಲ್ಲುಗಾವಲಿನಲ್ಲಿ ನೀಲಗಿರಿ ಬೆಳೆಯಿತು, ಸುತ್ತ ಹೊಲಗಳು ಮುತ್ತಿದವು. ಕೃಷ್ಣಮೃಗ ಹೇಗೋ ಬಾಳಿತು. ಎರೆಭೂತ ಹಕ್ಕಿ ಅಲ್ಲಿ ಕಾಣುವುದು ನಿಂತುಹೋಯಿತು. ಒಂಟಿ ತುಣುಕಿನ ಗತಿ ಏನೆಂದು ನೀವು ಕಣ್ಣಾರೆ ಕಂಡವರು.

ಇನ್ನು ನಮ್ಮ ಕರಾವಳಿ. 2024ರಲ್ಲಿ ಅಘನಾಶಿನಿ ಅಳಿವೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ನಿಮಗೆ ಹತ್ತಿರದ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಆಗಲೇ ಆ ಮನ್ನಣೆ ಬಂದಿತು. ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡ–ಮುಗಳಿ ತೀರಕ್ಕೆ ಕಡಲ ವನ್ಯಜೀವಿಧಾಮದ ಹೆಸರು ಬಂದಿದೆ. ಮುರ್ಡೇಶ್ವರದಾಚೆ ನೇತ್ರಾಣಿಯ ಹವಳಗಳಿವೆ. ಕರಾವಳಿಯ ಈ ಮೂರೂ ತಾಣಗಳು 60 ಕಿಲೋಮೀಟರ್ ಆಸುಪಾಸಿನಲ್ಲಿವೆ. ಒಂದರ ಮರಿ ಇನ್ನೊಂದಕ್ಕೆ ತಲುಪುತ್ತದೆಯೇ ಎಂದು ಕೇಳುವ, ಮೂರನ್ನೂ ಒಂದೇ ಹಾಳೆಯಲ್ಲಿ ಬರೆದ ನಕ್ಷೆಯನ್ನು ನಾನು ಇದುವರೆಗೆ ನೋಡಿಲ್ಲ.

ಕೊನೆಗೆ ನಿಮ್ಮ "ವ್ಯರ್ಥ" ಎಂಬ ಪದ. ಅದಕ್ಕೆ ನಾನು ನಿಮ್ಮ ಮೇಲೆ ಸ್ವಲ್ಪ ಸಿಟ್ಟಾಗಲೇಬೇಕು. ಹಾವೇರಿಯ ಬಾಯಾರಿಕೆ ನನಗೆ ಗೊತ್ತು, ಬೇಡ್ತಿ ನದಿಯ ನೀರನ್ನು ವರದಾ ನದಿಗೆ ತಿರುಗಿಸುವ ಬೇಡ್ತಿ–ವರದಾ ಜೋಡಣೆಯ ಮೇಲೆ ನಿಮ್ಮ ರೈತರು ಇಟ್ಟ ಆಸೆಯೂ ಗೊತ್ತು. ಆದರೆ ನಮ್ಮ ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಕಲಘಟಗಿಯ ಬಳಿ ಬೇಡ್ತಿಯನ್ನು ಸೇರಿ, ಘಟ್ಟ ಇಳಿದು, ಗಂಗಾವಳಿಯಾಗಿ ಮಂಜಗುಣಿಯಲ್ಲಿ ಕಡಲು ಸೇರುತ್ತದೆ. ಆ ಅಳಿವೆಯ ದಡದಲ್ಲಿ ಒಬ್ಬ ಅಜ್ಜ ಬೊಗಸೆಯಲ್ಲಿ ನೀರೆತ್ತಿ, ಉಗುರಿನಷ್ಟಿದ್ದ ಸಿಗಡಿ ಮರಿಗಳನ್ನು ನನಗೆ ತೋರಿಸಿದ್ದರು. ಸಿಗಡಿ ಮೊಟ್ಟೆ ಇಡುವುದು ಕಡಲಿನಲ್ಲಿ. ಮರಿ ಸಿಹಿನೀರು ಉಪ್ಪುನೀರು ಬೆರೆಯುವ ಅಳಿವೆಗೆ ಬಂದು ಬೆಳೆದು, ಮತ್ತೆ ಕಡಲಿಗೆ ಹೊರಡುತ್ತದೆ. "ಮೇಲಿನ ನೀರು ಕಡಿಮೆಯಾದ ವರ್ಷ ಇದೂ ಕಡಿಮೆ" ಎಂದರು ಅಜ್ಜ. ಹುಬ್ಬಳ್ಳಿಯ ಮಾರುಕಟ್ಟೆಗೆ ಬರುವ ಸಿಗಡಿಯಲ್ಲಿ ಧಾರವಾಡದ ಮಳೆ ಇದೆ. ಅಳಿವೆಯನ್ನು ಬಿಟ್ಟು ಕಡಲನ್ನು, ನದಿಯನ್ನು ಬಿಟ್ಟು ಅಳಿವೆಯನ್ನು ರಕ್ಷಿಸಲಾಗದು. ಬಯಲುಸೀಮೆಯ ಪತ್ರಿಕೆ ಆರು ಪುಟ ಕೊಟ್ಟದ್ದು ಇದಕ್ಕೆ. ಶಾಲೆಯಲ್ಲಿ ನದಿಗೊಂದು ಪಾಠ, ಸಮುದ್ರಕ್ಕೊಂದು ಪಾಠ ಎಂದು ಬೇರೆ ಬೇರೆ ಕಲಿಸಿ ನಾವೇ ಮಕ್ಕಳ ತಲೆಯಲ್ಲಿ ಇವೆರಡನ್ನೂ ಅಗಲಿಸಿದ್ದೇವೆ. ಮೂವತ್ತು ವರ್ಷ ಪಾಠ ಮಾಡಿದ ನೀವು ಇದನ್ನು ನನಗಿಂತ ಚೆನ್ನಾಗಿ ಬಲ್ಲಿರಿ.

ಸಂಚಿಕೆಯ ಇನ್ನೊಂದು ಪ್ರತಿಯನ್ನು ಅಂಚೆಯಲ್ಲಿ ಕಳುಹಿಸಿದ್ದೇನೆ, ಕಥೆಯ ಕೊನೆಯನ್ನು ಓದಿಕೊಳ್ಳಿ. ಕತ್ತರಿಸಿದ ನಕ್ಷೆ ಮೊಮ್ಮಗಳ ಬಳಿಯೇ ಇರಲಿ. ಆ ನಕ್ಷೆಯಲ್ಲಿ ನಮ್ಮದೊಂದು ತಪ್ಪಿದೆ: ಅದು ಕರಾವಳಿಯ ಗೆರೆಗೇ ನಿಂತಿದೆ, ಘಟ್ಟದ ಮೇಲೆ ಖಾಲಿ ಬಿಳಿ ಜಾಗ. ಧಾರವಾಡದಲ್ಲಿ ಒಂದು ಚುಕ್ಕೆ ಇಟ್ಟು, ಕಲಘಟಗಿಯ ಮೇಲೆ ಹಾಯ್ದು ಮಂಜಗುಣಿಯವರೆಗೆ ನೀಲಿ ಪೆನ್ಸಿಲಿನಿಂದ ಗೆರೆ ಎಳೆಯಲು ಅವಳಿಗೆ ಹೇಳಿ.