ಕಾಲು ಒತ್ತೋಕೆ ಇಷ್ಟು ವರ್ಷ ಓದ್ಬೇಕಾ?

ಪ್ರಶ್ನೆ: ಮೇಡಂ, ನಮ್ದು ಪಾಂಡವಪುರ ಹತ್ರ ಹಳ್ಳಿ, ಸೆಕೆಂಡ್ ಪಿಯುಸಿ ಪಿಸಿಎಂಬಿ ಓದ್ತಿದೀನಿ. ನಮ್ಮಣ್ಣಂಗೆ ಕಬಡ್ಡಿ ಆಡೋವಾಗ ಮಂಡಿ ಒಳಗೆ ಮೂಳೆಗಳನ್ನ ಹಿಡಿದಿಡೋ ಎಸಿಎಲ್ ಅನ್ನೋ ಲಿಗಮೆಂಟ್ ಹರಿದು ಆಪರೇಷನ್ ಆಯ್ತು, ಆಮೇಲೆ ಮೈಸೂರಲ್ಲಿ ಫಿಸಿಯೋಥೆರಪಿಗೆ ನಾನೇ ಜೊತೇಲಿ ಹೋಗ್ತಿದ್ದೆ, ಅದನ್ನ ನೋಡಿ ನಾನೂ ಇದೇ ಓದ್ಬೇಕು ಅನ್ಸಿದೆ. ಅಪ್ಪ ಮಾತ್ರ "ಕಾಲು ಒತ್ತೋಕೆ ಇಷ್ಟು ವರ್ಷ ಓದ್ಬೇಕಾ" ಅಂತಾರೆ. ಈಗ್ಲಿಂದ ಏನು ತಯಾರಿ ಮಾಡ್ಕೋಬೇಕು?

ಉತ್ತರ: ಅಪ್ಪಂಗೆ ನಿಮ್ಮಣ್ಣನ ಮಂಡೀನೇ ತೋರ್ಸಮ್ಮ. ಮೊದಮೊದ್ಲು ಮಂಡಿ ಕೆಳಗೆ ಟವಲ್ ಸುತ್ತಿಟ್ಟು "ಒತ್ತಿ, ಹಂಗೇ ಹಿಡ್ಕೊಳ್ಳಿ" ಅಂತ ಮಾಡಿಸ್ತಾರಲ್ಲ, ಆಗ ಫಿಸಿಯೋ ಕೈ ಮಂಡಿಚಿಪ್ಪಿಂದ ಸ್ವಲ್ಪ ಮೇಲೆ ಇರುತ್ತೆ, ತೊಡೆ ಸ್ನಾಯು ಬಿಗಿ ಆಗ್ತಿದ್ಯೋ ಇಲ್ವೋ ನೋಡೋಕೆ, ಯಾಕಂದ್ರೆ ಆಪರೇಷನ್ ಆದ್ಮೇಲೆ ಆ ಸ್ನಾಯು ಬೇಗ ಸೊರಗೋಗುತ್ತೆ. ಹೊಸದಾಗಿ ಹಾಕಿರೋ ಲಿಗಮೆಂಟ್ ಗಟ್ಟಿ ಆಗೋಕೆ ತಿಂಗಳುಗಟ್ಲೆ ಬೇಕು, ನೋವು ಅದಕ್ಕೂ ಎಷ್ಟೋ ಮುಂಚೇನೇ ಹೋಗಿರುತ್ತೆ, ಹುಡುಗ್ರು ವಾಸಿ ಆಯ್ತು ಅಂದ್ಕೊಂಡು ಆಟಕ್ಕೆ ಇಳಿದುಬಿಡ್ತಾರೆ. ಸಾಮಾನ್ಯವಾಗಿ 9 ತಿಂಗಳಿಗೆ ಮುಂಚೆ ಕಬಡ್ಡಿಗೆ ಬಿಡಲ್ಲ. ಯಾವಾಗ ಎಷ್ಟು ಭಾರ ಹಾಕ್ಬೇಕು, ಎಷ್ಟು ಮಡಚಬೇಕು, ಯಾವಾಗ ಬೇಡ ಅನ್ಬೇಕು ಅನ್ನೋದನ್ನ ಕಲಿಯೋಕೇ ಬಿಪಿಟಿ ಅನ್ನೋ ಫಿಸಿಯೋಥೆರಪಿ ಡಿಗ್ರಿ ಇರೋದು, ನಾಲ್ಕು ವರ್ಷ ಓದು, ಅದರ ಮೇಲೆ ಇಂಟರ್ನ್‌ಶಿಪ್.

ಫಸ್ಟ್ ಪಿಯುಸಿ ಬಯಾಲಜೀಲಿ ಮೂಳೆ, ಸ್ನಾಯು, ನರದ ಪಾಠ ಇದ್ವಲ್ಲ, ಪರೀಕ್ಷೆ ಮುಗೀತಿದ್ದಂಗೆ ಆ ಪುಸ್ತಕ ಅಟ್ಟಕ್ಕೆ ಹೋಗಿರುತ್ತೆ, ಇಳಿಸ್ಕೊಂಡು ಮತ್ತೆ ಓದು. ಭುಜದ ತುದಿ, ಮೊಣಕೈ, ಸೊಂಟದ ಮೂಳೆ ನಿನ್ನ ಮೈಮೇಲೇ ಮುಟ್ಟಿ ನೋಡ್ಕೊಂಡು ಓದು. ಫಿಸಿಕ್ಸ್ ಬಿಡಬೇಡ, ಮೈ ಚಲನೆಗೆ ಫಿಸಿಕ್ಸ್ ಹಚ್ಚಿ ನೋಡೋ ಬಯೋಮೆಕಾನಿಕ್ಸ್ ಅಂತ ವಾಪಸ್ ಬರುತ್ತೆ.

ಅದಕ್ಕಿಂತ ಮುಖ್ಯ, ಫೀಸ್ ಕಟ್ಟೋ ಮುಂಚೆ ಮಂಡ್ಯ ಮಿಮ್ಸ್‌ನಲ್ಲೋ ಮೈಸೂರಿನ ಯಾವ್ದಾದ್ರೂ ದೊಡ್ಡಾಸ್ಪತ್ರೇಲೋ ಪರ್ಮಿಷನ್ ಕೇಳಿ ಒಂದಿನ ಪೂರ್ತಿ ಫಿಸಿಯೋ ಓಪಿಡೀಲಿ ನಿಂತು ನೋಡು. ಕೂರೋಕೆ ಪುರುಸೊತ್ತಿರಲ್ಲ. ಲಕ್ವ ಹೊಡೆದೋರನ್ನ ಎಬ್ಬಿಸಿ ನಿಲ್ಲಿಸ್ಬೇಕು, ಅಂಥೋರ ಸೋತ ಕೈ ಹಿಡಿದು ಎಳೀಬಾರ್ದು, ಭುಜ ಜಾರುತ್ತೆ, ಮನೆಯೋರು ಪಾಪ ಅದನ್ನೇ ಮಾಡ್ತಿರ್ತಾರೆ, ಅವ್ರಿಗೂ ಹೇಳಿಕೊಡ್ಬೇಕು. ಸೊಂಟ ನೋವು ಅಂತ ಬಂದ ಕಬ್ಬು ಕಡಿಯೋನಿಗೆ "ಬಗ್ಗಬೇಡಪ್ಪ" ಅಂದ್ರೆ ಅವ್ನ ಹೊಟ್ಟೆಪಾಡು ಯಾರು ನೋಡ್ತಾರೆ? ಹೆಂಗೆ ಬಗ್ಗಬೇಕು, ಎಷ್ಟೊತ್ತಿಗೊಮ್ಮೆ ನೆಟ್ಟಗೆ ನಿಲ್ಬೇಕು ಅಂತ ಅವ್ನ ಭಾಷೇಲೇ ಹೇಳ್ಬೇಕು. ಮೆಷಿನ್ ಹಚ್ಚಿ ಕೂರ್ಸೋದು ಸುಲಭ, ಎಕ್ಸರ್‌ಸೈಜ್ ಮನೇಲೂ ಮಾಡೋ ಹಂಗೆ ಒಪ್ಸೋದೇ ಕಷ್ಟದ ಕೆಲ್ಸ.

ಮೈಸೂರಲ್ಲಿ ಜೆಎಸ್‌ಎಸ್ ಫಿಸಿಯೋಥೆರಪಿ ಕಾಲೇಜಿದೆ. ಯಾವ್ದೇ ಕಾಲೇಜ್ ಆದ್ರೂ ರಾಜೀವ್ ಗಾಂಧಿ ಆರೋಗ್ಯ ವಿವಿ ಅಥವಾ ಬೇರೆ ಮಾನ್ಯತೆ ಇರೋ ವಿವಿಗೆ ಸೇರಿದ್ಯಾ, ಜೊತೆಗೆ ಪೇಷಂಟ್ ಬರೋ ಆಸ್ಪತ್ರೆ ಇದ್ಯಾ ವಿಚಾರಿಸು. ಆರು ತಿಂಗಳ ಸರ್ಟಿಫಿಕೇಟ್ ಕೊಡ್ತೀವಿ ಅನ್ನೋರ ಕಡೆ ತಲೆ ಹಾಕ್ಬೇಡ. ಶುರೂಲಿ ಸಂಬಳ ಕಮ್ಮೀನೇ, ಇದನ್ನ ಅಪ್ಪಂಗೆ ಮುಚ್ಚಿಡದೆ ಹೇಳು. ಅಡ್ಮಿಷನ್‌ಗೆ ನಿಮ್ಮ ವರ್ಷದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನೋಟಿಸ್ ನೀನೇ ಓದು, ಸೀನಿಯರ್ ಮಾತು ನಂಬ್ಕೊಂಡು ಕೂರಬೇಡ.